ಸಿಆರ್ ತಗಡು: ಖರೀದಿಯಿಂದ ಪೌಡರ್ ಕೋಟಿಂಗ್‌ವರೆಗೆ, ಒಂದು ಸ್ಟಾರ್ಟರ್ ಡಬ್ಬಿಯ ಲೆಕ್ಕದಲ್ಲಿ

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾದ ಫ್ಯಾಬ್ರಿಕೇಶನ್ ಶೆಡ್‌ಗಳಿಂದ ಸಿಆರ್ (ಕೋಲ್ಡ್ ರೋಲ್ಡ್, ತಣ್ಣಗೆ ಉರುಳೆಯಲ್ಲಿ ಒತ್ತಿದ) ಉಕ್ಕಿನ ತಗಡಿನ ಆರ್ಡರ್ ಹೆಚ್ಚಾಗಿ ಎರಡೇ ಮಾತಿನಲ್ಲಿ ಹೋಗುತ್ತದೆ: ‘ಹದಿನೆಂಟು ಗೇಜ್, ಎಂಟು-ನಾಲ್ಕು.’ ಇದರಿಂದ ತಗಡು ಎಷ್ಟು ದಪ್ಪ, ಎಷ್ಟು ದೊಡ್ಡದು ಎಂಬುದಷ್ಟೇ ಗೊತ್ತಾಗುತ್ತದೆ. ಅದು ಮಡಿಚಿದರೆ ಮಡಿಯುತ್ತದೋ ಸೀಳುತ್ತದೋ, ಪ್ರೆಸ್‌ನಲ್ಲಿ ಎಳೆದರೆ ಹರಿಯುತ್ತದೋ, ಬಣ್ಣದ ಕೆಳಗೆ ಆರು ತಿಂಗಳಲ್ಲಿ ಗುಳ್ಳೆ ಏಳುತ್ತದೋ ಎಂಬುದಕ್ಕೆ ಗೇಜಿನಲ್ಲಿ ಉತ್ತರವಿಲ್ಲ. ಆ ಉತ್ತರ ಇರುವುದು ಗ್ರೇಡಿನಲ್ಲಿ, ತಗಡನ್ನು ಇಟ್ಟ ಜಾಗದಲ್ಲಿ, ಮೊದಲ ಕಟಿಂಗ್‌ಗೆ ಮುನ್ನ ಹಾಕಿದ ಲೆಕ್ಕದಲ್ಲಿ.

ಲೆಕ್ಕಕ್ಕೆ ಒಂದು ವಸ್ತು ಬೇಕಲ್ಲ, ಅದಕ್ಕಾಗಿ ಬಾಗಲಕೋಟೆ, ವಿಜಯಪುರದ ಹೊಲಗಳಲ್ಲಿ ಬೋರ್‌ವೆಲ್ ಪಕ್ಕದ ಕಂಬಕ್ಕೆ ತೂಗುಹಾಕುವ ಪಂಪ್ ಸ್ಟಾರ್ಟರ್ ಡಬ್ಬಿಯನ್ನೇ ತೆಗೆದುಕೊಂಡಿದ್ದೇವೆ. ಅಳತೆ: 300 ಅಗಲ, 400 ಎತ್ತರ, 180 ಆಳ, ಎಲ್ಲ ಮಿಮೀ. ತಗಡು 1.2 ಮಿಮೀ. ಸಂಖ್ಯೆ 18. ಕಪಾಟು, ಪ್ಯಾನೆಲ್ ಬೋರ್ಡ್, ಟೇಬಲ್ ಡ್ರಾಯರ್ ಮಾಡುವವರಿಗೂ ಇದೇ ಕ್ರಮ ನಡೆಯುತ್ತದೆ.

ತಗಡು ಹೀಗೇಕೆ ಇದೆ

ಕಾರ್ಖಾನೆಯಲ್ಲಿ ಕೆಂಪಗೆ ಕಾಯಿಸಿ ಉರುಳೆಯಲ್ಲಿ ಒತ್ತಿದ ಸುರುಳಿಗೆ ಎಚ್‌ಆರ್ (ಹಾಟ್ ರೋಲ್ಡ್) ಎನ್ನುತ್ತಾರೆ. ಅದರ ಮೈಮೇಲೆ ಕಪ್ಪು-ನೀಲಿ ಸ್ಕೇಲ್ (ಆಕ್ಸೈಡಿನ ಪದರ) ಇರುತ್ತದೆ. ಆ ಸ್ಕೇಲನ್ನು ಆಮ್ಲದಲ್ಲಿ ತೊಳೆದು, ತಣ್ಣಗಿದ್ದಾಗಲೇ ಮತ್ತೆ ಉರುಳೆಗಳ ನಡುವೆ ಒತ್ತಿ ದಪ್ಪವನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಸಿಆರ್. ಕರ್ನಾಟಕದಲ್ಲೇ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯಲ್ಲಿ ಈ ಎರಡೂ ಕೆಲಸ ನಡೆಯುತ್ತವೆ.

ತಣ್ಣಗೆ ಒತ್ತಿದ ಉಕ್ಕು ಬಿರುಸಾಗುತ್ತದೆ. ಒಳಗಿನ ಹರಳುಗಳೆಲ್ಲ ಉದ್ದಕ್ಕೆ ಎಳೆದುಕೊಂಡು ಬಿಗಿದಿರುತ್ತವೆ. ಈ ಸ್ಥಿತಿಯ ತಗಡಿಗೆ ‘ಫುಲ್ ಹಾರ್ಡ್’ ಎಂದು ಹೆಸರು. ಇದನ್ನು ಗಾಳಿ ಸೇರದ ಭಟ್ಟಿಯಲ್ಲಿ ಸುಮಾರು 700 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಕಾಯಿಸಿ ನಿಧಾನವಾಗಿ ಆರಿಸಿದಾಗ ಹರಳುಗಳು ಹೊಸದಾಗಿ ಬೆಳೆದು ತಗಡು ಮೆತ್ತಗಾಗುತ್ತದೆ. ಅಂಗಡಿಯವರು ‘ಸಿಆರ್‌ಸಿಎ’ ಎನ್ನುವಾಗ ಕೊನೆಯ ‘ಸಿಎ’ (ಕ್ಲೋಸ್ ಅನೀಲ್ಡ್) ಹೇಳುವುದು ಈ ಮುಚ್ಚಿದ ಭಟ್ಟಿಯ ಹದವನ್ನೇ. ಕೊನೆಗೆ ಶೇಕಡಾ ಒಂದರ ಆಸುಪಾಸು ಎಳೆತ ಬರುವಷ್ಟು ಹಗುರವಾಗಿ ಇನ್ನೊಮ್ಮೆ ಉರುಳೆ ಹಾಯಿಸುತ್ತಾರೆ, ಇದು ಸ್ಕಿನ್ ಪಾಸ್. ಮೈ ನಯವಾಗುವುದೂ ಇಲ್ಲೇ, ಮುಂದೆ ಹೇಳಲಿರುವ ಎಳೆತದ ಗೆರೆಗಳ ಕಾಟ ತಪ್ಪುವುದೂ ಇಲ್ಲೇ.

ಇಷ್ಟು ತಿಳಿದರೆ ತಗಡಿನ ಗುಣವೆಲ್ಲ ತಾನಾಗಿ ಅರ್ಥವಾಗುತ್ತದೆ. ಸ್ಕೇಲ್ ಇಲ್ಲದ್ದರಿಂದ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಸ್ಪಾಟ್ ವೆಲ್ಡಿಂಗ್ (ಎರಡು ತಗಡನ್ನು ಒತ್ತಿ ಹಿಡಿದು ಕರೆಂಟಿನಿಂದ ಚುಕ್ಕಿಚುಕ್ಕಿಯಾಗಿ ಅಂಟಿಸುವುದು) ಸರಾಗ. ಎಚ್‌ಆರ್‌ಗಿಂತ ದಪ್ಪ ಸಮನಾಗಿರುತ್ತದೆ, ಹಾಗಾಗಿ ಮಡಿಕೆಯ ಕೋನ ಡಬ್ಬಿಯಿಂದ ಡಬ್ಬಿಗೆ ಬದಲಾಗದು. ಆದರೆ ಮೈಮೇಲೆ ತೆಳುವಾದ ಎಣ್ಣೆಯ ಹೊರತು ಬೇರೆ ಯಾವ ರಕ್ಷಣೆಯೂ ಇಲ್ಲ. ಅದು ಹೋದ ಕ್ಷಣದಿಂದ ತುಕ್ಕಿನ ಗಡಿಯಾರ ಶುರು.

ಗ್ರೇಡ್: ಇಲ್ಲಿ ಉಳಿಸಿದ ರೂಪಾಯಿ ಬೆಂಡಿಂಗ್ ಮಷಿನ್‌ನಲ್ಲಿ ಹೋಗುತ್ತದೆ

ಭಾರತದಲ್ಲಿ ಈ ತಗಡಿನ ಮಾನಕ ಐಎಸ್ 513. ಸಾಮಾನ್ಯ ಬಳಕೆಯ ಐದು ಗ್ರೇಡುಗಳು ಸಿಆರ್1ರಿಂದ ಸಿಆರ್5. ಹಳಬರು ಇವತ್ತಿಗೂ ಓ, ಡಿ, ಡಿಡಿ, ಇಡಿಡಿ ಎಂದೇ ಕೇಳುತ್ತಾರೆ. ಓ ಅಂದರೆ ಸಿಆರ್1, ಡಿ ಅಂದರೆ ಸಿಆರ್2, ಡಿಡಿ ಅಂದರೆ ಸಿಆರ್3, ಇಡಿಡಿ ಅಂದರೆ ಸಿಆರ್4. ಐಎಫ್ (ಇಂಟರ್‌ಸ್ಟಿಷಿಯಲ್ ಫ್ರೀ, ಹರಳಿನ ಸಂದಿನಲ್ಲಿ ಬಿಡಿ ಇಂಗಾಲ, ಸಾರಜನಕ ಉಳಿಯದ ಉಕ್ಕು) ಎಂದು ಕರೆಯುವುದು ಸಿಆರ್5.

ಸಂಖ್ಯೆ ಏರಿದಂತೆ ಇಂಗಾಲ ಇಳಿಯುತ್ತದೆ: ಸಿಆರ್1ರಲ್ಲಿ ಗರಿಷ್ಠ 0.15 ಶೇಕಡಾ, ಸಿಆರ್2ರಲ್ಲಿ 0.12, ಸಿಆರ್3ರಲ್ಲಿ 0.10, ಸಿಆರ್4ರಲ್ಲಿ 0.08, ಸಿಆರ್5ರಲ್ಲಿ 0.06. ತಗಡು ಶಾಶ್ವತವಾಗಿ ಬಾಗಲು ಶುರುಮಾಡುವ ಒತ್ತಡಕ್ಕೆ, ಅಂದರೆ ಯೀಲ್ಡ್‌ಗೆ, ಸಿಆರ್2ರಲ್ಲಿ 240 ಎಂಪಿಎ (ಮೆಗಾಪಾಸ್ಕಲ್) ಮೇಲ್ಮಿತಿ. ಸಿಆರ್3ಕ್ಕೆ 220, ಸಿಆರ್4ಕ್ಕೆ 210, ಸಿಆರ್5ಕ್ಕೆ 190. ಇವೆಲ್ಲ ‘ಇದಕ್ಕಿಂತ ಹೆಚ್ಚಿರಬಾರದು’ ಎಂಬ ಮಿತಿಗಳು ಎಂಬುದನ್ನು ಗಮನಿಸಿರಿ. ತೊಲೆ, ಕಂಬದ ಉಕ್ಕಿನಲ್ಲಿ ‘ಇದಕ್ಕಿಂತ ಕಡಿಮೆ ಇರಬಾರದು’ ಎನ್ನುತ್ತಾರೆ. ಇಲ್ಲಿ ಬೇಕಿರುವುದು ಮೆತ್ತಗಿನ ಗುಣ.

ಬರೀ ನೇರ ಮಡಿಕೆ ಇರುವ ಡಬ್ಬಿ, ಕಪಾಟು, ರ‍್ಯಾಕ್‌ಗೆ ಸಿಆರ್1 ಸಾಕು. ಅಂಚನ್ನು ಪೂರ್ತಿ ಮಡಿಸಿ ಚಪ್ಪಟೆ ಮಾಡುವುದಿದ್ದರೆ, ಅಥವಾ ಉಬ್ಬುಗೆರೆ ಒತ್ತುವುದಿದ್ದರೆ ಸಿಆರ್2 ಕೇಳಿರಿ. ಬೋಗುಣಿಯಂತೆ ಆಳಕ್ಕೆ ಎಳೆಯುವ ಆಯಿಲ್ ಟ್ರೇ, ಫಿಲ್ಟರ್ ಕಪ್, ಮೋಟಾರಿನ ಫ್ಯಾನ್ ಕವರ್‌ಗೆ ಸಿಆರ್3 ಅಥವಾ ಸಿಆರ್4. ನಮ್ಮ ಡಬ್ಬಿಗೆ ಸಿಆರ್1 ನಡೆಯುತ್ತದೆ. ಆದರೂ ಬಾಗಿಲ ಅಂಚು ಮಡಿಸುವವರು ಸಿಆರ್2 ತೆಗೆದುಕೊಳ್ಳುವುದು ಜಾಣತನ.

ಶೆಡ್‌ಗಳಲ್ಲಿ ಬೇರೂರಿದ ಒಂದು ತಪ್ಪು ನಂಬಿಕೆಯನ್ನು ಇಲ್ಲೇ ಬಿಡಿಸಬೇಕು. ಬಿರುಸಾದ ತಗಡು ಹಾಕಿದರೆ ಬಾಗಿಲು ‘ಗಟ್ಟಿ’ ನಿಲ್ಲುತ್ತದೆ ಎಂದು ಕೆಲವರು ಫುಲ್ ಹಾರ್ಡ್ ಬಯಸುತ್ತಾರೆ. ಒತ್ತಿದಾಗ ಬಳುಕದಿರುವ ಗುಣ ಎಲ್ಲ ಗ್ರೇಡಿನಲ್ಲೂ ಒಂದೇ: ಉಕ್ಕಿನ ಸ್ಥಿತಿಸ್ಥಾಪಕಾಂಕ ಸುಮಾರು 205 ಗಿಗಾಪಾಸ್ಕಲ್, ಇಂಗಾಲ ಹೆಚ್ಚಿದರೂ ಕಡಿಮೆಯಾದರೂ ಅಷ್ಟೇ. ಕಪಾಟಿನ ಬಾಗಿಲು ಕೈ ಇಟ್ಟರೆ ಡಬಡಬ ಎನ್ನುತ್ತಿದ್ದರೆ ಮದ್ದು ಗ್ರೇಡಿನಲ್ಲಿಲ್ಲ. ಅಂಚಿನ ಮಡಿಕೆ ಹೆಚ್ಚಿಸಬೇಕು, ಇಲ್ಲವೇ ಹಿಂದೆ ಟೋಪಿ ಆಕಾರದ ಪಟ್ಟಿಯನ್ನು ಸ್ಪಾಟ್ ಮಾಡಬೇಕು. ದಪ್ಪ ಹೆಚ್ಚಿಸಿದರೂ ಬಿಗಿ ಬರುತ್ತದೆ, ದಪ್ಪದ ಘನದ ಪ್ರಮಾಣದಲ್ಲಿ, ಆದರೆ ದುಡ್ಡೂ ತೂಕವೂ ಜೊತೆಗೇ ಏರುತ್ತವೆ.

ಅಂಗಡಿಯಲ್ಲಿ ಪರೀಕ್ಷೆ

ಗೇಜ್ ಬಿಟ್ಟು ಮಿಮೀನಲ್ಲಿ ಕೇಳಿರಿ. ಗೇಜಿಗೆ ಎರಡು ಪಟ್ಟಿಗಳಿವೆ. 16 ಗೇಜ್ ಒಂದು ಪಟ್ಟಿಯಲ್ಲಿ 1.63, ಇನ್ನೊಂದರಲ್ಲಿ 1.52. 20 ಗೇಜ್ ಎರಡರಲ್ಲೂ 0.91ರ ಹತ್ತಿರ, ಆದರೆ ಆ ಹೆಸರಿನಲ್ಲಿ 0.9ನ್ನೂ ಕೊಡಬಹುದು, 1.0ನ್ನೂ ಕೊಡಬಹುದು. 18 ಗೇಜ್ ಮಾತ್ರ ಎರಡರಲ್ಲೂ 1.2.

ತೂಕದ ಲೆಕ್ಕ ಬಾಯಿಪಾಠವಿರಲಿ: ಉದ್ದ ಮೀಟರ್, ಅಗಲ ಮೀಟರ್, ದಪ್ಪ ಮಿಮೀ, ಮೂರನ್ನೂ ಗುಣಿಸಿ ಮತ್ತೆ 7.85ರಿಂದ ಗುಣಿಸಿದರೆ ಕೆಜಿ. ಎಂಟು-ನಾಲ್ಕು ಅಂದರೆ 8 × 4 ಅಡಿ, 2.44 × 1.22 ಮೀಟರ್. 1 ಮಿಮೀ ತಗಡು 23.4 ಕೆಜಿ, 1.2ರದ್ದು 28, 1.6ರದ್ದು 37.4, 2ರದ್ದು 46.7. ಕೆಲವು ಸ್ಟಾಕ್ 2500 × 1250 ಬರುತ್ತದೆ, ಆಗ 1 ಮಿಮೀ ತಗಡೇ 24.5 ಕೆಜಿ ತೂಗುತ್ತದೆ. ಕಾಟಾ ನೋಡುವ ಮೊದಲು ಟೇಪು ಹಿಡಿಯಿರಿ.

1 ಮಿಮೀ ಎಂದು ತಂದ ಹತ್ತು ಎಂಟು-ನಾಲ್ಕು ತಗಡು 234ರ ಬದಲು 218 ಕೆಜಿ ತೂಗಿದರೆ ಸರಾಸರಿ ದಪ್ಪ 0.93. ಕೆಜಿ ಲೆಕ್ಕದಲ್ಲಿ ಕೊಂಡದ್ದಲ್ಲವೇ, ನಷ್ಟವೇನು ಎನ್ನಬೇಡಿರಿ. ಬಿಗಿ ದಪ್ಪದ ಘನಕ್ಕೆ ಇಳಿಯುವುದರಿಂದ ಬಾಗಿಲಿನ ಬಿಗಿಯಲ್ಲಿ ಶೇಕಡಾ 20 ಹೋಯಿತು. ಮೈಕ್ರೋಮೀಟರಿನಿಂದ ಅಳೆಯುವಾಗ ಅಂಚಿನಿಂದ ಕನಿಷ್ಠ 40 ಮಿಮೀ ಒಳಗೆ, ನಾಲ್ಕೈದು ಕಡೆ ಅಳೆಯಿರಿ. ಉರುಳೆಯಲ್ಲಿ ಅಂಚು ಸ್ವಲ್ಪ ತೆಳುವಾಗುವುದು ಸಹಜ, ಅಲ್ಲಿ ಅಳೆದರೆ ವ್ಯಾಪಾರಿಯ ಮೇಲೆ ಸುಮ್ಮನೆ ಅನುಮಾನ.

ಕಾಗದದಲ್ಲಿ ಮಿಲ್ ಟೆಸ್ಟ್ ಸರ್ಟಿಫಿಕೇಟ್, ಬಂಡಲ್ ಮೇಲಿನ ಬಿಐಎಸ್ ಗುರುತು, ಕಾಯಿಲ್ ನಂಬರ್ ಮೂರೂ ಹೊಂದಬೇಕು. ಕಾಗದವಿಲ್ಲದ ಕಟ್-ಪೀಸ್ ಮಾಲು ಕೊಳ್ಳುವವರು ಈ ಒಂದು ಪರೀಕ್ಷೆಯನ್ನಾದರೂ ಮಾಡಲೇಬೇಕು: 25 ಮಿಮೀ ಅಗಲದ ಪಟ್ಟಿ ಕತ್ತರಿಸಿ, ಬರ್ (ಕತ್ತರಿಸಿದ ಅಂಚಿನಲ್ಲಿ ಏಳುವ ಚೂಪು) ಉಜ್ಜಿ, ವೈಸ್‌ನಲ್ಲಿ ಹಿಡಿದು ಪೂರ್ತಿ ಹಿಂದಕ್ಕೆ ಮಡಿಸಿರಿ. ಸಿಆರ್2 ಮತ್ತು ಮೇಲಿನವು ತಮ್ಮ ಮೇಲೆ ತಾವೇ ಚಪ್ಪಟೆಯಾದರೂ ಹೊರಮೈ ಬಿರಿಯಬಾರದು. ಸಿಆರ್1ಕ್ಕೆ ನಡುವೆ ತಗಡಿನ ದಪ್ಪದಷ್ಟು ಜಾಗ ಬಿಡಬಹುದು. ಫುಲ್ ಹಾರ್ಡ್ ಆಗಿದ್ದರೆ ಕೈಗೆ ಸ್ಪ್ರಿಂಗಿನಂತೆ ಎದುರು ಒತ್ತುತ್ತದೆ, ಮಡಿಸಿದರೆ ಸೀಳುತ್ತದೆ. ಅಗ್ಗದ ದರದ ‘ಸಿಆರ್’ ಎಷ್ಟೋ ಸಲ ಇದೇ ಇರುತ್ತದೆ.

ಮೈ ಎರಡು ಬಗೆ: ಮ್ಯಾಟ್ ಮತ್ತು ಬ್ರೈಟ್. ಪೌಡರ್, ಪೇಂಟ್‌ಗೆ ಮ್ಯಾಟ್. ಕ್ರೋಮ್ ಅಥವಾ ನಿಕಲ್ ಪ್ಲೇಟಿಂಗ್‌ಗೆ ಬ್ರೈಟ್.

ಮಳೆಗಾಲದಲ್ಲಿ ತಗಡು ಕಾಯುವುದು

ಬೆಳಗಾವಿಗೆ ಈ ಭಾಗ ಬಹಳ ಮುಖ್ಯ. ವಿಜಯಪುರದ ಒಣ ಹವೆಯಲ್ಲಿ ಆರು ತಿಂಗಳು ಸುಮ್ಮನೆ ಬಿದ್ದಿರುವ ತಗಡು ಇಲ್ಲಿ ಜುಲೈನಲ್ಲಿ ಹದಿನೈದು ದಿನಕ್ಕೆ ಕಲೆ ಹಿಡಿಯುತ್ತದೆ. ಖಾನಾಪುರದ ಕಡೆ ಇನ್ನೂ ಬೇಗ.

ಮಳೆ ನೇರವಾಗಿ ಬೀಳುವುದಕ್ಕಿಂತ ಹೆಚ್ಚು ಹಾನಿ ಮಾಡುವುದು ಬೆವರು. ಲೋಹ ತಣ್ಣಗಿದ್ದು ಸುತ್ತಲ ಗಾಳಿ ಒದ್ದೆಯಾಗಿದ್ದರೆ ತಗಡಿನ ಮೇಲೆ ನೀರ ಹನಿ ಕಟ್ಟುತ್ತದೆ. ರಾತ್ರಿಯೆಲ್ಲ ತಣಿದ ಬಂಡಲ್ ಇದ್ದ ಶೆಡ್ಡಿನ ಬಾಗಿಲನ್ನು ಬೆಳಿಗ್ಗೆ ತೆರೆದಾಗ ಆಗುವುದು ಇದೇ. ತಗಡುಗಳ ನಡುವೆ ಹೋದ ನೀರು ಆವಿಯಾಗಲು ದಾರಿ ಇಲ್ಲ, ಅಲ್ಲೇ ಕಂದು ಮಚ್ಚೆ ಹುಟ್ಟುತ್ತದೆ. ಮೇಲಿನ ತಗಡು ಫಳಫಳ, ಮೂರನೆಯದು ಮಚ್ಚೆ ಮಚ್ಚೆ.

ಆದ್ದರಿಂದ ಬಂಡಲನ್ನು ನೆಲದಿಂದ 4ರಿಂದ 6 ಇಂಚು ಎತ್ತರದ ಕಟ್ಟಿಗೆಯ ಮೇಲೆ ಇಡಿರಿ, ಗೋಡೆಗೆ ತಾಗಿಸಬೇಡಿರಿ. ಕಟ್ಟಿಗೆ ಒಣಗಿರಲಿ, ಹಸಿ ಕಟ್ಟಿಗೆ ತಾನೇ ನೀರು ಕೊಡುತ್ತದೆ. ಲಾರಿಯಿಂದ ಇಳಿಸಿದ ಬಂಡಲಿನ ಹೊದಿಕೆಯನ್ನು ತಕ್ಷಣ ಬಿಚ್ಚದೆ, ಶೆಡ್ಡಿನ ಹವೆಗೆ ಅದು ಹೊಂದುವವರೆಗೆ ಒಂದು ದಿನ ಬಿಡಿರಿ. ಒಳಗೆ ನೀರು ಹೊಕ್ಕಿದೆ ಎಂದು ಅನುಮಾನವಿದ್ದರೆ ಮಾತ್ರ ಕೂಡಲೇ ಬಿಚ್ಚಿ, ತಗಡು ಬೇರ್ಪಡಿಸಿ, ಒರೆಸಿ ಎಣ್ಣೆ ಹಚ್ಚಿರಿ. ಪ್ಲಾಸ್ಟಿಕ್ ಹಾಳೆಯಿಂದ ನೆಲದವರೆಗೆ ಬಿಗಿಯಾಗಿ ಮುಚ್ಚುವುದು ತಪ್ಪು, ಒಳಗಿನ ಹಸಿ ಅಲ್ಲೇ ಸಿಕ್ಕಿಬೀಳುತ್ತದೆ. ಮೇಲೆ ಮುಚ್ಚಿ ಬದಿಗೆ ಗಾಳಿ ಆಡಲು ಬಿಡಿರಿ. ಮಿಲ್‌ನಲ್ಲಿ ಹಚ್ಚಿದ ಎಣ್ಣೆಯನ್ನು ಮೂರು ತಿಂಗಳಿಗಿಂತ ಹೆಚ್ಚು ನಂಬಬೇಡಿರಿ. ಮೊದಲು ಬಂದದ್ದು ಮೊದಲು ಕಟಿಂಗ್‌ಗೆ ಹೋಗಲಿ.

ಕತ್ತರಿಸಿದ ತುಂಡನ್ನು ಬರಿಗೈಯಲ್ಲಿ ಹಿಡಿದರೆ ಕೈಬೆವರಿನ ಉಪ್ಪು ಉಳಿದು ಮರುದಿನ ಐದು ಬೆರಳಿನ ಗುರುತು ತುಕ್ಕಾಗಿ ಮೂಡುತ್ತದೆ. ಕೈಗವಸು ಅಂಚು ಕೊಯ್ಯದಿರಲಿ ಎಂದಷ್ಟೇ ಅಲ್ಲ, ಇದಕ್ಕೂ ಬೇಕು.

ಹಳೆಯ ಸ್ಟಾಕಿನ ಇನ್ನೊಂದು ಕಾಟ ಕಣ್ಣಿಗೆ ಕಾಣದ್ದು. ಸಿಆರ್1, ಸಿಆರ್2 ತಗಡು ತಿಂಗಳುಗಟ್ಟಲೆ ಇದ್ದರೆ ಒಳಗಿನ ಇಂಗಾಲ, ಸಾರಜನಕದ ಕಣಗಳು ನಿಧಾನವಾಗಿ ಸರಿದು ಹರಳಿನ ದೋಷಗಳಿಗೆ ಬೀಗ ಹಾಕುತ್ತವೆ. ಬೇಸಿಗೆಯ ಕಾವಿನಲ್ಲಿ ಇದು ಇನ್ನೂ ಬೇಗ. ಅಂಥ ತಗಡನ್ನು ಪ್ರೆಸ್‌ನಲ್ಲಿ ಎಳೆದರೆ ಮೈಮೇಲೆ ಹುಳು ಹರಿದಂತೆ, ಮೊದಲು ಹೇಳಿದ ಎಳೆತದ ಗೆರೆಗಳು ಏಳುತ್ತವೆ, ಬಣ್ಣ ಹಚ್ಚಿದರೂ ಮುಚ್ಚುವುದಿಲ್ಲ. ಎಳೆಯುವ ಕೆಲಸಕ್ಕೆ ತಾಜಾ ಮಾಲು ಅಥವಾ ಕರಗಿದ್ದಾಗ ಅಲ್ಯೂಮಿನಿಯಂ ಹಾಕಿ ಆಮ್ಲಜನಕ ತೆಗೆದ (‘ಕಿಲ್ಡ್’) ಸಿಆರ್4 ತರಿಸಿರಿ. ಸಿಆರ್5ರಲ್ಲಿ ಈ ತೊಂದರೆಯೇ ಇಲ್ಲ. ಹಳೆ ಸ್ಟಾಕ್ ಕೈಯಲ್ಲಿದ್ದರೆ ಲೆವೆಲರ್ ಉರುಳೆಗಳಲ್ಲಿ ಹಾಯಿಸಿ ತಡಮಾಡದೆ ಒತ್ತಿದರೆ ಗೆರೆ ಬಹಳಷ್ಟು ತಗ್ಗುತ್ತದೆ.

18 ಡಬ್ಬಿಗೆ ಎಷ್ಟು ತಗಡು

ಮೊದಲು ಮಡಿಕೆಯ ಕಡಿತ ತಿಳಿಯಬೇಕು. ತಗಡು ಮಡಿಯುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ಹಾಗಾಗಿ ಹೊರ ಅಳತೆಗಳನ್ನು ಸುಮ್ಮನೆ ಕೂಡಿಸಿದರೆ ಡಬ್ಬಿ ದೊಡ್ಡದಾಗುತ್ತದೆ. 1.2 ಮಿಮೀ ತಗಡನ್ನು 10 ಮಿಮೀ ಬಾಯಿಯ ವಿ ಡೈಯಲ್ಲಿ (ಬೆಂಡಿಂಗ್ ಮಷಿನ್ನಿನ ಕೆಳಗಿನ ವಿ ಆಕಾರದ ಅಚ್ಚು) 90 ಡಿಗ್ರಿ ಮಡಿಸಿದರೆ ಒಳ ತ್ರಿಜ್ಯ ಸುಮಾರು 1.6 ಬರುತ್ತದೆ. ಹಿಗ್ಗದ, ಕುಗ್ಗದ ಪದರ ಒಳಮೈಯಿಂದ ದಪ್ಪದ 0.4ರಷ್ಟು ದೂರದಲ್ಲಿದೆ ಎಂದು ಹಿಡಿದರೆ:

ಬಾಗಿದ ಭಾಗದ ಉದ್ದ = 1.571 × (1.6 + 0.48) = 3.27 ಮಿಮೀ
ಪ್ರತಿ ಮಡಿಕೆಗೆ ಕಡಿತ = 2 × (1.6 + 1.2) − 3.27 = ಸುಮಾರು 2.3 ಮಿಮೀ

ಲೆಕ್ಕವನ್ನು ಒಂದು ಪಟ್ಟಿಯ ಮೇಲೆ ಪರೀಕ್ಷಿಸಿಯೇ ಮುಂದುವರಿಯಿರಿ: 100 ಮಿಮೀ ಪಟ್ಟಿಯನ್ನು ನಡುವೆ ಮಡಿಸಿ ಎರಡೂ ಹೊರ ಅಳತೆ ಕೂಡಿಸಿದರೆ 102.3 ಬರಬೇಕು. ನಿಮ್ಮ ಡೈ ಸವೆದಿದ್ದರೆ ಅಂಕಿ ಬೇರೆ ಬರುತ್ತದೆ. ಆಗ ನಿಮ್ಮ ಮಷಿನ್ ಹೇಳಿದ್ದೇ ಸರಿ.

ಡಬ್ಬಿಯ ಮೈ ಒಂದೇ ತುಂಡು: ನಡುವೆ ಬೆನ್ನು, ನಾಲ್ಕು ಕಡೆ 180ರ ಗೋಡೆ, ಗೋಡೆಯ ತುದಿಗೆ ಹೊರಕ್ಕೆ ತಿರುಗಿದ 15ರ ಅಂಚು (ಗೋಡೆಯ ಒಳಮೈಯಿಂದ ಅಳೆದದ್ದು). ಅಗಲ 300 + 360 + 30, ಅದರಲ್ಲಿ ನಾಲ್ಕು ಮಡಿಕೆಯ 9.2 ಕಳೆದರೆ 681. ಎತ್ತರ ಹೀಗೆಯೇ 781. ಬಾಗಿಲು ಹೊರ ಅಳತೆ 334 × 434, ಸುತ್ತಲೂ 15ರ ಮಡಿಕೆ, ಚಪ್ಪಟೆ ತುಂಡು 360 × 460. ಒಳಗಿನ ಮೌಂಟಿಂಗ್ ಪ್ಲೇಟ್ 260 × 360.

ತಗಡನ್ನು ಕಂಡಕಂಡ ಕಡೆ ಕತ್ತರಿಸಿದರೆ ಅರ್ಧಕ್ಕರ್ಧ ಸ್ಕ್ರ್ಯಾಪ್. ಹೀಗೆ ಮಾಡಿರಿ: ಎಂಟು-ನಾಲ್ಕು ತಗಡಿನ ಉದ್ದಕ್ಕೂ 781ರ ಪಟ್ಟಿ ಕತ್ತರಿಸಿರಿ, 439ರ ಪಟ್ಟಿ ಉಳಿಯುತ್ತದೆ. 781ರ ಪಟ್ಟಿಯಲ್ಲಿ 681ರಂತೆ ಮೂರು ಮೈ. ಆರು ತಗಡಿಗೆ 18 ಮೈ ಆಯಿತು. ಉಳಿದ ಆರು ಪಟ್ಟಿಗಳಲ್ಲಿ ನಾಲ್ಕರಿಂದ, ಒಂದರಲ್ಲಿ ಐದರಂತೆ, 20 ಬಾಗಿಲು. ಇನ್ನೆರಡರಿಂದ, ಒಂದರಲ್ಲಿ ಒಂಬತ್ತರಂತೆ, 18 ಮೌಂಟಿಂಗ್ ಪ್ಲೇಟ್. ಬಾಗಿಲು ಎರಡು ಹೆಚ್ಚೇ ಬಂತು, ಕೆಡಲು ಅವಕಾಶವಿದೆ.

ಆರು ತಗಡು 168 ಕೆಜಿ, ಅಂದರೆ ಡಬ್ಬಿಗೆ 9.3 ಕೆಜಿ ಖರೀದಿ. ಡಬ್ಬಿಯಲ್ಲಿ ನಿಲ್ಲುವುದು ಸುಮಾರು 6 ಕೆಜಿ. ದರ ಹೇಳುವಾಗ 6ಕ್ಕೆ ಲೆಕ್ಕ ಹಾಕಿದವರು ಕೈಯಿಂದ ಕಳೆದುಕೊಳ್ಳುತ್ತಾರೆ. ಮೈಯ ನಾಲ್ಕು ಮೂಲೆಯಿಂದ ಬೀಳುವ 191 ಮಿಮೀ ಚೌಕಗಳನ್ನು ಎಸೆಯಬೇಡಿರಿ. ತೂಗುಹಾಕುವ ಕಿವಿ, ಕೇಬಲ್ ಪ್ಲೇಟ್, ಬೀಗದ ಪಟ್ಟಿ ಎಲ್ಲ ಅದರಲ್ಲೇ ಆಗುತ್ತವೆ.

ಕಟಿಂಗ್

ಶಿಯರಿಂಗ್ ಬ್ಲೇಡುಗಳ ನಡುವಿನ ಸಂದು ದಪ್ಪದ ಶೇಕಡಾ 5ರಿಂದ 10. 1.2ಕ್ಕೆ ಸುಮಾರು 0.08 ಮಿಮೀ ಆಯಿತು. ಸಂದು ಹೆಚ್ಚಾದರೆ ಅಂಚು ಬಾಗಿ ಉದ್ದನೆಯ ಬರ್ ಬರುತ್ತದೆ. ತೀರ ಕಡಿಮೆಯಾದರೆ ಕತ್ತರಿಸಿದ ಮುಖದಲ್ಲಿ ಎರಡು ಹೊಳಪಿನ ಗೆರೆ ಕಾಣುತ್ತವೆ, ಬ್ಲೇಡೂ ಬೇಗ ಹಾಳು. ಸರಿಯಾದ ಕಟಿಂಗ್‌ನಲ್ಲಿ ಮೇಲೆ ಸಣ್ಣ ಹೊಳಪು, ಕೆಳಗೆ ಮಾಸಲು ಒಡೆತ. ಹೊಸ ಬ್ಲೇಡೂ ದಪ್ಪ ಬದಲಾದಾಗ ಸಂದು ಸರಿಪಡಿಸದಿದ್ದರೆ ಹಳೆಯದರಂತೆಯೇ ಕೊಯ್ಯುತ್ತದೆ.

ಪ್ರತಿ ತುಂಡಿನ ಮೇಲೆ ಬರ್ ಇರುವ ಬದಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿರಿ. ಗೋಡೆ ಮಡಿಸುವಾಗ ಆ ಬದಿ ಡಬ್ಬಿಯ ಒಳಗೆ ಬರಬೇಕು. ಬರ್ ಹೊರಗಿದ್ದರೆ ಹಿಗ್ಗುವ ಮೈಯಲ್ಲಿ ಸೀಳು ಅಲ್ಲಿಂದಲೇ ಶುರುವಾಗುತ್ತದೆ, ಪೌಡರೂ ಚೂಪಾದ ಅಂಚಿನಲ್ಲಿ ತೆಳುವಾಗಿ ತುಕ್ಕಿಗೆ ಮೊದಲ ದಾರಿಯಾಗುತ್ತದೆ. ಮೂಲೆ ಕತ್ತರಿಸುವಾಗ ಎರಡು ಮಡಿಕೆ ಗೆರೆ ಸೇರುವ ಬಿಂದುವಿನಲ್ಲಿ 3 ಮಿಮೀ ತೂತು ಕೊರೆಯಿರಿ, ಆಗ ಮೂಲೆ ಹರಿಯುವುದಿಲ್ಲ.

ಮಡಿಕೆ

ಡೈಯ ಬಾಯಿ ದಪ್ಪದ 6ರಿಂದ 8 ಪಟ್ಟು, ಅದರಿಂದಲೇ 10 ಮಿಮೀ. ಈ ಡೈಯಲ್ಲಿ 7 ಮಿಮೀಗಿಂತ ಚಿಕ್ಕ ಅಂಚು ಮಡಿಯದು, ಡೈಯೊಳಗೆ ಜಾರುತ್ತದೆ. ಶಕ್ತಿ ಮೀಟರಿಗೆ 7ರಿಂದ 10 ಟನ್, ಸಣ್ಣ ಮಷಿನ್ನಿಗೂ ಭಾರವಲ್ಲ.

ಮಡಿಸುವ ಮುನ್ನ ಪಂಚಿನ (ತಗಡನ್ನು ಡೈಯೊಳಗೆ ಒತ್ತುವ ಮೇಲಿನ ಅಚ್ಚು) ಎತ್ತರ ಅಳೆಯಿರಿ. ಎದುರುಬದುರಿನ ಎರಡು ಗೋಡೆ ಎದ್ದ ಮೇಲೆ ಉಳಿದೆರಡನ್ನು ಮಡಿಸುವಾಗ ಆ 180ರ ಗೋಡೆಗಳು ಪಂಚಿನ ಅಕ್ಕಪಕ್ಕ ನೆಟ್ಟಗೆ ನಿಂತಿರುತ್ತವೆ. ಪಂಚ್ ಗಿಡ್ಡಗಿದ್ದರೆ ಗೋಡೆ ಮೇಲೆ ಪಂಚನ್ನು ಹಿಡಿದಿರುವ ರ‍್ಯಾಮಿಗೆ ತಾಗಿ ಡಬ್ಬಿ ನಜ್ಜಾಗುತ್ತದೆ. ಪಂಚಿನ ತುಂಡುಗಳ ಒಟ್ಟು ಉದ್ದವೂ ಗೋಡೆಗಳ ನಡುವಿನ ಜಾಗಕ್ಕಿಂತ ತುಸು ಕಡಿಮೆ ಇರಬೇಕು. 300ರ ಬದಿಗೆ 295 ಸಾಕು. ಅಷ್ಟು ಎತ್ತರದ ಪಂಚ್ ಇಲ್ಲದವರು ಮೇಲಿನ, ಕೆಳಗಿನ ಗೋಡೆಗಳನ್ನು ಬೇರೆ ತುಂಡಾಗಿ ಮಾಡಿ ವೆಲ್ಡ್ ಮಾಡಬೇಕಾಗುತ್ತದೆ, ಕೀಲು ಹೆಚ್ಚುತ್ತದೆ.

1. ನಾಲ್ಕೂ ಹೊರ ಅಂಚು ಮೊದಲು. ತಗಡು ತಿರುವಿ ಹಾಕಿ ಮಡಿಸಿರಿ.
2. 400ರ ಬದಿಯ ಎರಡು ಗೋಡೆ.
3. ಪಂಚ್ ಉದ್ದ ಬದಲಿಸಿ 300ರ ಬದಿಯ ಎರಡು ಗೋಡೆ.
4. ಪ್ರತಿ ಹಂತದ ಮೊದಲ ತುಂಡನ್ನು ಗುಣ್ಯಾದಿಂದ (90 ಡಿಗ್ರಿ ನೋಡುವ ಮೂಲೆಮಟ್ಟ) ನೋಡಿರಿ.

ತಗಡು ಮಡಿಕೆಯಿಂದ 1ರಿಂದ 2 ಡಿಗ್ರಿ ಹಿಂದಕ್ಕೆ ಚಿಮ್ಮುತ್ತದೆ, ಆದ್ದರಿಂದ 88–89ಕ್ಕೆ ಇಳಿಸಿದರೆ 90 ನಿಲ್ಲುತ್ತದೆ. 180ರ ಗೋಡೆಯಲ್ಲಿ ಒಂದು ಡಿಗ್ರಿ ತಪ್ಪಿದರೆ ತುದಿಯಲ್ಲಿ 3 ಮಿಮೀ ಸಂದು, ಅದನ್ನು ವೆಲ್ಡರ್ ತುಂಬಬೇಕಾಗುತ್ತದೆ. ಬೆಳಿಗ್ಗೆ ಸರಿಯಿದ್ದ ಕೋನ ಮಧ್ಯಾಹ್ನ ತಪ್ಪಿದರೆ ಮಷಿನ್ ಬಯ್ಯುವ ಮೊದಲು ತಗಡಿನ ದಪ್ಪ ಅಳೆಯಿರಿ: 0.1 ಮಿಮೀ ವ್ಯತ್ಯಾಸಕ್ಕೆ ಕೋನ ಒಂದು ಡಿಗ್ರಿ ಅಥವಾ ಇನ್ನೂ ಹೆಚ್ಚು ಹೋಗುತ್ತದೆ. ಎರಡು ಕಾಯಿಲ್‌ಗಳ ತಗಡನ್ನು ಒಂದೇ ಲಾಟ್‌ನಲ್ಲಿ ಬೆರೆಸಬಾರದೆನ್ನುವುದು ಇದಕ್ಕೇ.

ಉರುಳೆ ಹಾಯ್ದ ದಿಕ್ಕು ತಗಡಿನ 8 ಅಡಿ ಉದ್ದಕ್ಕಿರುತ್ತದೆ. ಮಡಿಕೆ ಗೆರೆ ಅದಕ್ಕೆ ಅಡ್ಡವಾಗಿದ್ದರೆ ಉತ್ತಮ. ಅದರ ಉದ್ದಕ್ಕೇ ಚಪ್ಪಟೆ ಮಡಿಸುವಾಗ ಮೊದಲು ಬಿರಿಯುವುದು ಸಿಆರ್1. ನಮ್ಮ ಡಬ್ಬಿಯ 90 ಡಿಗ್ರಿಗೆ ಎರಡೂ ದಿಕ್ಕು ನಡೆಯುತ್ತದೆ.

ವೆಲ್ಡಿಂಗ್

ನಾಲ್ಕು ಮೂಲೆಯ ಕೀಲು ಒಟ್ಟು 720 ಮಿಮೀ ಅಷ್ಟೇ, ಪೂರ್ತಿ ತುಂಬಿರಿ. ಹೊಲದಲ್ಲಿ ನಿಲ್ಲುವ ಡಬ್ಬಿಗೆ ಅರ್ಧಂಬರ್ಧ ಟಾಕಾ ಹಾಕಿ ಪುಟ್ಟಿ ಮುಚ್ಚುವುದು ಒಂದು ಮಳೆಗಾಲದ ಕೆಲಸ. ಸಿಓಟು ವೆಲ್ಡಿಂಗ್, 0.8 ಮಿಮೀ ತಂತಿ, 60ರಿಂದ 90 ಆಂಪ್, 16ರಿಂದ 18 ವೋಲ್ಟ್, ಗ್ಯಾಸ್ ನಿಮಿಷಕ್ಕೆ 10ರಿಂದ 12 ಲೀಟರ್. ಪ್ರತಿ ಮೂಲೆಗೆ ಮೂರು ಟಾಕಾ ಹಾಕಿ ಗುಣ್ಯಾ ನೋಡಿ, ಆಮೇಲೆ 25 ಮಿಮೀಯಂತೆ ಒಂದು ಮೂಲೆ ಬಿಟ್ಟು ಇನ್ನೊಂದಕ್ಕೆ ಹೋಗಿರಿ. ಒಂದೇ ಉಸಿರಿಗೆ ಎಳೆದರೆ ಕಾವು ಕೂಡಿ ಗೋಡೆ ಅಲೆಯಾಗುತ್ತದೆ. ಹೊರ ಅಂಚಿನ ಮೂಲೆಗಳಲ್ಲಿ ಸುಮಾರು 14 ಮಿಮೀ ಚೌಕ ಖಾಲಿ ಉಳಿಯುತ್ತದೆ, ಅದಕ್ಕೆ ಸಣ್ಣ ತುಂಡು ಕೂರಿಸಿರಿ. ಫ್ಯಾನ್ ಗಾಳಿ ಗ್ಯಾಸನ್ನು ಹಾರಿಸಿದರೆ ವೆಲ್ಡಿನಲ್ಲಿ ಸೂಜಿತೂತು ಬೀಳುತ್ತದೆ.

ಬಾಗಿಲ ಕಬ್ಜಾ ಪಟ್ಟಿಗೆ, ಕಿವಿಗೆ ಸ್ಪಾಟ್. 1.2 ಮೇಲೆ 1.2ಕ್ಕೆ ಎಲೆಕ್ಟ್ರೋಡ್ ತುದಿ ಸುಮಾರು 5.5 ಮಿಮೀ (ದಪ್ಪದ ವರ್ಗಮೂಲದ ಐದು ಪಟ್ಟು), ಒತ್ತಡ 270 ಕೆಜಿಯ ಹತ್ತಿರ, ಕರೆಂಟು 9ರಿಂದ 10 ಸಾವಿರ ಆಂಪ್, ಸಮಯ 10 ಸೈಕಲ್, ಅಂದರೆ 0.2 ಸೆಕೆಂಡ್. ತುದಿ ಸವೆದು 8 ಮಿಮೀ ಅಗಲವಾದರೆ ಕರೆಂಟು ಹರಡಿ, ಹೊರಗೆ ಗುರುತು ಕಂಡರೂ ಒಳಗೆ ಅಂಟಿರುವುದಿಲ್ಲ. ಪ್ರತಿ ಪಾಳಿಗೆ ಎರಡು ಪಟ್ಟಿ ಅಂಟಿಸಿ ಉಳಿಯಿಂದ ಎಬ್ಬಿಸಿರಿ: ಒಂದು ಪಟ್ಟಿಯಲ್ಲಿ ತೂತು ಬಿದ್ದು ಇನ್ನೊಂದರಲ್ಲಿ 4.5 ಮಿಮೀ ಗುಂಡಿ ಉಳಿಯಬೇಕು. ತೂತು ಬೀಳದೆ ಪಟ್ಟಿಗಳು ಸಲೀಸಾಗಿ ಬಿಟ್ಟುಬಂದರೆ ಕರೆಂಟಿಗಿಂತ ಮೊದಲು ತುದಿ ನೋಡಿರಿ.

ತೊಳೆತ ಮತ್ತು ಪೌಡರ್

ತೊಟ್ಟಿಗೆ ಹೋಗುವ ಮುನ್ನ ಡಬ್ಬಿಯ ಕೆಳಗೋಡೆಯಲ್ಲಿ 6 ಮಿಮೀಯ ಎರಡು ತೂತು, ಬಾಗಿಲ ಮಡಿಕೆಯ ಕೆಳಮೂಲೆಗಳಲ್ಲಿ ಸಣ್ಣ ಸಂದು ಇರಲೇಬೇಕು. ಒಂದರ ಮೇಲೊಂದು ಕೂತ ಸ್ಪಾಟ್ ಕೀಲಿನ ನಡುವೆ ಆಮ್ಲ ಹೊಕ್ಕರೆ ಹೊರಬರುವುದಿಲ್ಲ. ಭಟ್ಟಿಯಲ್ಲಿ ಕುದಿದು ಪೌಡರಿನಲ್ಲಿ ಗುಳ್ಳೆ ಎಬ್ಬಿಸುತ್ತದೆ, ಇಲ್ಲವೇ ತಿಂಗಳ ಮೇಲೆ ಕಂದು ನೀರಾಗಿ ಸುರಿಯುತ್ತದೆ. ಇದಕ್ಕೇ ಸ್ಟೋರೇಜ್ ಅಷ್ಟು ಮುಖ್ಯ ಎಂದದ್ದು: ತುಕ್ಕಿಲ್ಲದ ತಗಡಿಗೆ ಆಮ್ಲದ ತೊಟ್ಟಿಯೇ ಬೇಡ.

ಕ್ರಮ ಹೀಗಿದೆ. 60–70 ಡಿಗ್ರಿಯ ಕ್ಷಾರ ದ್ರಾವಣದಲ್ಲಿ 5ರಿಂದ 10 ನಿಮಿಷ ಜಿಡ್ಡು ತೆಗೆದು ತೊಳೆಯಿರಿ. ಈಗ ಮೇಲೆ ಹರಿದ ನೀರು ಒಂದೇ ಹಾಳೆಯಾಗಿ ನಿಲ್ಲಬೇಕು. ಹನಿಹನಿಯಾಗಿ ಒಡೆದರೆ ಜಿಡ್ಡು ಉಳಿದಿದೆ, ವಾಪಸ್ ಹಾಕಿರಿ. ತುಕ್ಕಿದ್ದರೆ ಮಾತ್ರ ಆಮ್ಲ, ಮತ್ತೆ ತೊಳೆತ. ಅರ್ಧದಿಂದ ಒಂದು ನಿಮಿಷ ಆಕ್ಟಿವೇಶನ್ (ಫಾಸ್ಫೇಟ್ ಹರಳು ಸಣ್ಣಗೆ, ಸಮನಾಗಿ ಕೂರಲು ಮೈ ಸಜ್ಜುಮಾಡುವ ಅದ್ದು). 45–55 ಡಿಗ್ರಿಯ ಜಿಂಕ್ ಫಾಸ್ಫೇಟ್‌ನಲ್ಲಿ 3ರಿಂದ 5 ನಿಮಿಷ. ತೊಳೆದು ಪ್ಯಾಸಿವೇಶನ್ (ಫಾಸ್ಫೇಟ್ ಪದರದ ಸಣ್ಣ ಸಂದುಗಳನ್ನು ಮುಚ್ಚುವ ಅದ್ದು). 110–120 ಡಿಗ್ರಿಯಲ್ಲಿ ಕೀಲುಗಳವರೆಗೂ ಒಣಗಿಸಿರಿ. ಸರಿಯಾದ ಫಾಸ್ಫೇಟ್ ಬೂದು ಬಣ್ಣ, ಸಮನಾಗಿ ನಯ. ಬೆರಳಿಗೆ ಬಿಳಿ ಪುಡಿ ಹತ್ತಿದರೆ ಅದರ ಮೇಲಿನ ಪೌಡರ್ ಸಿಪ್ಪೆಯಂತೆ ಏಳುತ್ತದೆ. ಮಳೆಗಾಲದಲ್ಲಿ ಫಾಸ್ಫೇಟ್ ಆದ ಮಾಲನ್ನು ರಾತ್ರಿ ಉಳಿಸಬೇಡಿರಿ, ಅದೇ ಪಾಳಿಯಲ್ಲಿ ಪೌಡರ್ ಹಾಕಿರಿ.

ಬಿಸಿಲಿಗೆ ಶುದ್ಧ ಪಾಲಿಯೆಸ್ಟರ್ ಪೌಡರೇ ಬೇಕು. ಇಪಾಕ್ಸಿ ತುಕ್ಕನ್ನು ಚೆನ್ನಾಗಿ ತಡೆದರೂ ಬಿಸಿಲಿನಲ್ಲಿ ಸುಣ್ಣದಂತೆ ಪುಡಿ ಬಿಡುತ್ತದೆ, ಅದು ಮನೆಯೊಳಗಿನ ಮಾಲಿಗೆ. ಬಣ್ಣ ತಿಳಿ ಬೂದು ಇರಲಿ, ಕಡುಬಣ್ಣದ ಡಬ್ಬಿಯೊಳಗೆ ಏಪ್ರಿಲ್‌ನ ವಿಜಯಪುರದಲ್ಲಿ ಸ್ಟಾರ್ಟರ್ ಬೇಯುತ್ತದೆ. ದಪ್ಪ 60ರಿಂದ 80 ಮೈಕ್ರಾನ್. ಬೇಯಿಸುವುದು ಸಾಮಾನ್ಯವಾಗಿ 200 ಡಿಗ್ರಿಯಲ್ಲಿ 10 ನಿಮಿಷ, ಆದರೆ ಸಮಯ ಎಣಿಸುವುದು ಲೋಹ ಅಷ್ಟು ಕಾದ ಮೇಲೆ. ಭಟ್ಟಿಯ ಮೀಟರ್ ತೋರಿಸುವುದು ಗಾಳಿಯ ಕಾವು. ಆರಿದ ಮೇಲೆ ಬ್ಲೇಡಿನಿಂದ 2 ಮಿಮೀ ಅಂತರದಲ್ಲಿ ಆರು ಅಡ್ಡ, ಆರು ಉದ್ದ ಗೆರೆ ಕೊರೆದು ಟೇಪ್ ಅಂಟಿಸಿ ಕಿತ್ತರೆ ಒಂದು ಚೌಕವೂ ಏಳಬಾರದು.

ಸಿಆರ್ ಹಾಕಬಾರದ ಜಾಗ

ಕೂಲರಿನ ನೀರಿನ ತೊಟ್ಟಿ, ಮಳೆನೀರ ದೋಣಿ, ಮನೆಯ ಮೇಲ್ಛಾವಣಿ, ನೆಲಕ್ಕೆ ತಾಗಿ ನಿಲ್ಲುವ ಜೋಳದ ಕಣಜ: ಇವಕ್ಕೆ ಸತುವಿನ ಲೇಪದ ಜಿಪಿ ತಗಡೇ ಸರಿ. ಅದರಲ್ಲಿ ಗೀರು ಬಿದ್ದರೂ ಸತುವು ತಾನು ಕರಗಿ ಉಕ್ಕನ್ನು ಕಾಯುತ್ತದೆ. ಸಿಆರ್ ಮೇಲಿನ ಪೌಡರ್‌ಗೆ ಆ ಗುಣವಿಲ್ಲ, ಗೀರಿನಿಂದ ತುಕ್ಕು ಬಣ್ಣದ ಕೆಳಗೆ ಹರಿಯುತ್ತ ಹೋಗುತ್ತದೆ. 3 ಮಿಮೀಗಿಂತ ದಪ್ಪದ ಬ್ರಾಕೆಟ್, ಬೇಸ್ ಫ್ರೇಮಿಗೆ ಎಚ್‌ಆರ್ ಸಾಕು, ಅಲ್ಲಿ ಸಿಆರ್‌ನ ನಯಕ್ಕೆ ದುಡ್ಡು ಕೊಡುವುದು ವ್ಯರ್ಥ.

ಡಬ್ಬಿ ಹೊಲ ಸೇರಿದ ಮೇಲೆ ವೈರಿಂಗ್ ಮಾಡುವವರು ಕೇಬಲ್‌ಗೆಂದು ಹೊಸ ತೂತು ಕೊರೆಯುವುದು ಗ್ಯಾರಂಟಿ. ಅದನ್ನು ಕೆಳಗೋಡೆಯಲ್ಲೇ ಕೊರೆಯಲು ಹೇಳಿರಿ, ಮೇಲೆ ಬೇಡವೇ ಬೇಡ. ಬರಿಯಾದ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ ರಬ್ಬರ್ ಗ್ರೊಮೆಟ್ ಕೂರಿಸಬೇಕು. ಅರ್ಥಿಂಗ್ ಬೋಲ್ಟಿನ ಕೆಳಗಿನ ಪೌಡರನ್ನು ಮಾತ್ರ ಪೂರ್ತಿ ಕೆರೆದು ಲೋಹಕ್ಕೆ ಲೋಹ ತಾಗಿಸಿ ಬಿಗಿದು, ಆಮೇಲೆ ಸುತ್ತಲೂ ಗ್ರೀಸ್ ಹಚ್ಚಿರಿ.